ಎದೆಯ ಮೇಲೆ ತಲೆಕೆಳಗಾಗಿ ತೂಗುವ ಗಡಿಯಾರ

ಮುಂಬಯಿಯಲ್ಲಿ ನರ್ಸ್ ಆಗಿ ಹದಿನಾಲ್ಕು ವರ್ಷವಾಯಿತು. ಅಂಕೋಲೆಯಿಂದ ಹೊರಟ ದಿನ ಅಪ್ಪ ತಮ್ಮ ಎಚ್‌ಎಂಟಿ ಗಡಿಯಾರವನ್ನು ಬಿಚ್ಚಿ ನನ್ನ ಕೈಗೆ ಕಟ್ಟಿದ್ದರು. ಚರ್ಮದ ಪಟ್ಟಿ, ದಿನವೂ ಕೀಲಿ ಕೊಡಬೇಕು. ಡ್ಯೂಟಿಯ ಹೊತ್ತಿನಲ್ಲಿ ಅದನ್ನು ಕಳಚಿಡಲು ಎರಡು ವರ್ಷ ನನಗೆ ಮನಸ್ಸು ಬರಲಿಲ್ಲ.

ಕೊನೆಗೆ ಕಳಚಿಸಿದವರು ಮಾಟುಂಗಾದ ಒಬ್ಬ ಕನ್ನಡದ ಅಜ್ಜಿ. ಅವರನ್ನು ಮಗ್ಗುಲು ತಿರುಗಿಸುವಾಗ ನನ್ನ ಪಟ್ಟಿಯ ಕೊಕ್ಕೆ ಅವರ ಮುಂಗೈಗೆ ತಾಗಿತು. ವಯಸ್ಸಾದವರ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳು. ಒಂದಿಂಚು ಸುಲಿದೇ ಹೋಯಿತು. "ಇರಲಿ ಬಿಡು ಮಗಳೇ" ಎಂದರು. ಅವರಿಗೆ ಸಕ್ಕರೆ ಕಾಯಿಲೆ. ಆ ಗಾಯ ಮಾಯುವವರೆಗೆ ದಿನವೂ ಡ್ರೆಸ್ಸಿಂಗ್ ಮಾಡಿದವಳು ನಾನೇ. ಆಗಲೇ ಪಟ್ಟಿಯನ್ನು ಮೂಸಿ ನೋಡಿದ್ದು. ಮುಂಬಯಿಯ ಮಳೆಗಾಲದಲ್ಲಿ ಒಮ್ಮೆ ನೆನೆದ ಚರ್ಮ ಒಣಗುವುದೇ ಇಲ್ಲ. ಸೋಪು ಹಚ್ಚಿ ಕೈ ತೊಳೆಯಲು 40ರಿಂದ 60 ಸೆಕೆಂಡು ಬೇಕು. ಅಷ್ಟು ಹೊತ್ತು ತೊಳೆದರೂ ಪಟ್ಟಿಯ ಅಡಿಯ ಮಣಿಕಟ್ಟು ತೊಳೆದಂತಾಗುವುದಿಲ್ಲ.

ಆಮೇಲೆ ಡ್ಯೂಟಿಗೆ ಕೈಗಡಿಯಾರ ಬಿಟ್ಟು, ಸಮವಸ್ತ್ರದ ಎದೆಗೆ ಸಿಕ್ಕಿಸುವ ಗಡಿಯಾರ ಹಿಡಿದೆ. ಅದರಲ್ಲಿ ಹನ್ನೆರಡರ ಅಂಕಿ ಕೆಳಗಿರುತ್ತದೆ. ಎದುರು ನಿಂತವರಿಗೆ ತಲೆಕೆಳಗು, ಬಗ್ಗಿ ನೋಡುವ ನಮಗೆ ನೆಟ್ಟಗೆ. ಮೊದಲ ಸಲ ಚಿಟ್ಟೆಯ ಆಕಾರದ್ದೊಂದನ್ನು ಕೊಂಡೆ. ಅದರ ಸೆಕೆಂಡಿನ ಮುಳ್ಳು ಬೆಳ್ಳಿಯ ಬಣ್ಣದ್ದು, ಹಿಂದಿನ ಬಿಲ್ಲೆಯೂ ಅದೇ ಬಣ್ಣ. ರಾತ್ರಿ ಪಾಳಿಯಲ್ಲಿ ಮುಳ್ಳು ಎಲ್ಲಿದೆಯೆಂದೇ ಕಾಣುತ್ತಿರಲಿಲ್ಲ.

ಮುಳ್ಳು ಕಾಣದಿದ್ದರೆ ಆ ಗಡಿಯಾರದಿಂದ ನಮಗೆ ಉಪಯೋಗವಿಲ್ಲ. 500 ಮಿಲಿ ಸಲೈನ್ ಆರು ಗಂಟೆಯಲ್ಲಿ ಹೋಗಬೇಕೆಂದಿಟ್ಟುಕೊಳ್ಳಿ. ಮಿಲಿಗೆ 20 ಹನಿ ಬೀಳುವ ಡ್ರಿಪ್ ಸೆಟ್ಟಿನಲ್ಲಿ ನಿಮಿಷಕ್ಕೆ ಸುಮಾರು 28 ಹನಿ, ಅಂದರೆ ಹದಿನೈದು ಸೆಕೆಂಡಿಗೆ 7. ಕಣ್ಣು ಹನಿಯ ಮೇಲಿರುವಾಗ ಡಿಜಿಟಲ್ ಅಂಕಿಗಳನ್ನು ಓದುತ್ತ ಹೋದರೆ ಹನಿಯ ಎಣಿಕೆಯೂ ಅಂಕಿಯೂ ಬಾಯಲ್ಲಿ ಕಲಸಿಹೋಗುತ್ತವೆ. ಮುಳ್ಳಾದರೆ ಓದಬೇಕಿಲ್ಲ, ಮೂರರ ಗೆರೆ ಮುಟ್ಟಿದ್ದು ಓರೆಗಣ್ಣಿಗೇ ತಿಳಿಯುತ್ತದೆ. ಉಸಿರಾಟವನ್ನಂತೂ ನಾನು ಪೂರ್ತಿ ಒಂದು ನಿಮಿಷ ಎಣಿಸುತ್ತೇನೆ, ಅದೂ ರೋಗಿಯ ನಾಡಿ ಹಿಡಿದುಕೊಂಡೇ. ಉಸಿರು ಎಣಿಸುತ್ತಿದ್ದಾರೆಂದು ಗೊತ್ತಾದರೆ ಯಾರ ಉಸಿರೂ ಸಹಜವಾಗಿರುವುದಿಲ್ಲ. ಒಂದು ಕೈ ನಾಡಿಯ ಮೇಲೆ, ಇನ್ನೊಂದು ಕೈಯಲ್ಲಿ ಎತ್ತಿ ಹಿಡಿದ ಗಡಿಯಾರ, ಅದರಾಚೆ ಏರಿಳಿಯುವ ಎದೆ: ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತವೆ.

ಈಗ ನನ್ನ ಬಳಿ ಇರುವುದು ಸಿಲಿಕೋನ್ ಕವಚದ್ದು. ಬಿಳಿ ಬಿಲ್ಲೆ, ಕೆಂಪು ಸೆಕೆಂಡಿನ ಮುಳ್ಳು, ಒಳಸುತ್ತಿನಲ್ಲಿ 13ರಿಂದ 24ರವರೆಗಿನ ಅಂಕಿಗಳು. ಚಾರ್ಟಿನಲ್ಲಿ 22:00 ಎಂದು ಬರೆಯುವಾಗ ಮನಸ್ಸಿನಲ್ಲಿ ಕೂಡಿಸಬೇಕಿಲ್ಲ. ಪಾಳಿ ಮುಗಿದ ಮೇಲೆ ಗಡಿಯಾರವನ್ನು ಹೊರತೆಗೆದು ಕವಚವನ್ನು ಸೋಪಿನಲ್ಲಿ ತೊಳೆಯುತ್ತೇನೆ, ಗಾಜನ್ನು ಸ್ಪಿರಿಟ್ಟಿನಿಂದ ಒರೆಸುತ್ತೇನೆ. ಪಿನ್ನಿನದು ಬೇಡವೆಂದೇ ಕ್ಲಿಪ್ಪಿನದನ್ನು ಆರಿಸಿದೆ. ರೋಗಿಯನ್ನು ಎತ್ತುವಾಗ ಪಿನ್ನು ಬಿಚ್ಚಿಕೊಂಡರೆ ಯಾರಿಗೆ ಚುಚ್ಚುತ್ತದೋ. ಎಂಆರ್‌ಐ ಕೋಣೆಗೆ ರೋಗಿಯನ್ನು ಕರೆದೊಯ್ಯುವಾಗ ಹೊರಗೇ ತೆಗೆದಿಡುತ್ತೇನೆ. ಡೊಂಬಿವಲಿಯ ಲೋಕಲ್ಲಿನ ನೂಕುನುಗ್ಗಲಿನಲ್ಲಿ ಒಂದನ್ನು ಕಳೆದುಕೊಂಡ ಮೇಲೆ ಅದು ಬ್ಯಾಗಿನಲ್ಲೇ ಪ್ರಯಾಣ ಮಾಡುತ್ತದೆ.

ಸೆಲ್ಲಿನ ಬಗ್ಗೆ ಒಂದು ಮಾತು. ಕೆಲವು ಗಡಿಯಾರಗಳಲ್ಲಿ ಸೆಲ್ ಮುಗಿಯುತ್ತ ಬಂದಾಗ ಮುಳ್ಳು ನಾಲ್ಕು ನಾಲ್ಕು ಸೆಕೆಂಡಿಗೊಮ್ಮೆ ಜಿಗಿಯುತ್ತದೆ. ಹಾಗೆ ಕಂಡರೆ ಅದರಲ್ಲಿ ಹದಿನೈದು ಸೆಕೆಂಡಿನ ಲೆಕ್ಕ ಹಿಡಿಯಬೇಡಿ, ಅಂದೇ ಸೆಲ್ ಬದಲಿಸಿ.

ಕಳೆದ ತಿಂಗಳು ಕಲಬುರಗಿಯಿಂದ ಹೊಸದಾಗಿ ಬಂದ ಹುಡುಗಿಯೊಬ್ಬಳು "ಅಕ್ಕಾ, ಯಾವುದು ತೆಗೆದುಕೊಳ್ಳಲಿ?" ಎಂದು ಕೇಳಿದಳು. ಪರೇಲಿನ ಅಂಗಡಿಗೆ ಜೊತೆಯಲ್ಲೇ ಹೋದೆ. ಮೊಬೈಲಿನ ಸ್ಟಾಪ್‌ವಾಚ್ ಪಕ್ಕದಲ್ಲಿಟ್ಟು ಒಂದೊಂದನ್ನೂ ಪೂರ್ತಿ ಒಂದು ನಿಮಿಷ ನೋಡಿದೆವು. ಮೂರನ್ನು ಹಿಂದಿರುಗಿಸಿ ನಾಲ್ಕನೆಯದನ್ನು ಕೊಂಡೆವು.