ಸಾವಿನ ಸುದ್ದಿ ಶಾಲೆಗೆ ಬಂದ ಬೆಳಿಗ್ಗೆ

ಆ ಭಾನುವಾರ ರಾತ್ರಿ ಒಂಬತ್ತೂವರೆಗೆ ಫೋನ್ ಬಂತು. ನಮ್ಮ ಗಣಿತದ ಮೇಷ್ಟ್ರು ಹೃದಯಾಘಾತದಿಂದ ತೀರಿಕೊಂಡಿದ್ದರು. ವಯಸ್ಸು 44. ಶುಕ್ರವಾರ ಎಂಟನೇ ತರಗತಿಗೆ ಕಿರುಪರೀಕ್ಷೆ ಕೊಟ್ಟಿದ್ದರು. ಉತ್ತರ ಪತ್ರಿಕೆಗಳನ್ನು ಅರ್ಧ ತಿದ್ದಿ, ಉಳಿದದ್ದು ಸೋಮವಾರ ನೋಡೋಣ ಅಂತ ಮೇಜಿನ ಮೇಲೆ ಇಟ್ಟು ಹೋಗಿದ್ದರು.

ಬೆಳಿಗ್ಗೆ ಎಂಟೂ ಮುಕ್ಕಾಲಿಗೆ ಮಕ್ಕಳು ಬರುತ್ತಾರೆ. ನನ್ನ ಕೈಯಲ್ಲಿದ್ದದ್ದು ಹನ್ನೊಂದು ಗಂಟೆ.

ಮುಖ್ಯ ಶಿಕ್ಷಕಿಯಾಗಿ ನನಗೆ ಪರೀಕ್ಷೆ ನಡೆಸುವುದಕ್ಕೆ, ಲೆಕ್ಕಪತ್ರ ಇಡುವುದಕ್ಕೆ, ಬೆಂಕಿ ಬಿದ್ದರೆ ಮಕ್ಕಳನ್ನು ಹೊರಗೆ ಕರೆತರುವುದಕ್ಕೆ ತರಬೇತಿ ಸಿಕ್ಕಿತ್ತು. ಸಾವಿನ ಸುದ್ದಿ ಹೇಳುವುದಕ್ಕೆ ಸಿಕ್ಕಿರಲಿಲ್ಲ. ಕಲಿತದ್ದು ಇನ್ನೊಂದು ಸಾವಿನಿಂದ. ಆ ಸಲ ನಾನು ತಪ್ಪು ಮಾಡಿದ್ದೆ.

ಅದು ಬೇರೆ ಶಾಲೆ, ನಾನು ಮುಖ್ಯ ಶಿಕ್ಷಕಿಯಾದ ಮೂರನೇ ವರ್ಷ. ಐದನೇ ತರಗತಿಯ ಹುಡುಗನೊಬ್ಬ ರಸ್ತೆ ಅಪಘಾತದಲ್ಲಿ ತೀರಿಕೊಂಡ. ಬೆಳಿಗ್ಗೆ ಎಲ್ಲರೂ ಸಾಲಾಗಿ ನಿಂತಿದ್ದಾಗ ಮೈಕ್ ಹಿಡಿದು ಹೇಳಿದೆ. "ನಮ್ಮ ಪ್ರೀತಿಯ ವಿದ್ಯಾರ್ಥಿ ನಮ್ಮನ್ನು ಬಿಟ್ಟು ಹೋಗಿದ್ದಾನೆ." ಎರಡು ನಿಮಿಷ ಮೌನ. ಆಮೇಲೆ ರಜೆ ಕೊಟ್ಟು ಕಳಿಸಿದೆ. ಮರುದಿನ ಮಕ್ಕಳಿಗೆ ನೋವಾಗಬಾರದು ಅಂತ ಅವನ ಡೆಸ್ಕನ್ನು ರಾತ್ರಿಯೇ ತೆಗೆಸಿದೆ. ಹಾಜರಿ ಪುಸ್ತಕ ಹೊಸದಾಗಿ ಬರೆಸಿದೆ. ಒಳ್ಳೆಯದೇ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ.

ಒಂದನೇ ತರಗತಿಯ ಮಗು ಮಾರನೇ ವಾರ ಕೇಳಿತು: "ಆ ಅಣ್ಣ ಎಲ್ಲಿಗೆ ಹೋದ? ಯಾವಾಗ ಬರ್ತಾನೆ?"

ಐದನೇ ತರಗತಿಯಲ್ಲಿ ಒಬ್ಬಳು ಹುಡುಗಿ ಮಾತಾಡುವುದನ್ನೇ ಕಡಿಮೆ ಮಾಡಿದಳು. ಸಂಕೋಚ ಇರಬೇಕು ಅಂದುಕೊಂಡೆವು. ಎರಡು ತಿಂಗಳ ಮೇಲೆ ಅವಳ ತಾಯಿ ಬಂದು ಹೇಳಿದರು. ಹಿಂದಿನ ದಿನ ಪೆನ್ಸಿಲ್ ವಿಷಯಕ್ಕೆ ಜಗಳ ಆಗಿತ್ತಂತೆ. ಇವಳು ಅವನಿಗೆ "ನೀನು ಸತ್ತೋಗು" ಅಂದಿದ್ದಳಂತೆ. ತನ್ನ ಮಾತಿನಿಂದಲೇ ಅವನು ಸತ್ತ ಅಂತ ನಂಬಿ, ಎರಡು ತಿಂಗಳು ಒಬ್ಬಳೇ ಹೊತ್ತುಕೊಂಡು ತಿರುಗಿದ್ದಳು. ಮೈಕಿನಲ್ಲಿ ಮಾತಾಡಿದ ನನ್ನನ್ನು ಬಂದು ಕೇಳುವ ದಾರಿ ಅವಳಿಗೆ ಇರಲಿಲ್ಲ. ಕ್ಲಾಸಿನಲ್ಲಿ ಡೆಸ್ಕೂ ಇರಲಿಲ್ಲ, ಅವನ ಬಗ್ಗೆ ಮಾತೂ ಇರಲಿಲ್ಲ. ಆ ಹುಡುಗಿಯನ್ನು ನಾನು ಇವತ್ತಿಗೂ ಮರೆತಿಲ್ಲ. ಎರಡನೇ ಸಲ ನಾನು ಮಾಡಿದ್ದೆಲ್ಲ ಅವಳನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಮಾಡಿದ್ದು.

ಭಾನುವಾರ ರಾತ್ರಿ ಮೊದಲು ಮೇಷ್ಟ್ರ ಮನೆಯವರ ಜೊತೆ ಮಾತಾಡಿದೆ. ಸುದ್ದಿ ಖಚಿತವೇ, ಮಕ್ಕಳಿಗೆ ಎಷ್ಟು ಹೇಳಬಹುದು, ಇಷ್ಟೇ ಕೇಳಿದೆ. "ಹೃದಯಾಘಾತ ಅಂತ ಹೇಳಿ, ಮುಚ್ಚಿಡೋದು ಏನೂ ಇಲ್ಲ" ಅಂದರು. ಈ ಒಪ್ಪಿಗೆ ಇಲ್ಲದೆ ಕಾರಣ ಹೇಳಬಾರದು. ಕಾರಣ ಹೇಳದಿದ್ದರೂ ಊಹಾಪೋಹ ಹುಟ್ಟುತ್ತದೆ. ಅದಕ್ಕೇ ಕೇಳುವುದು ಒಳ್ಳೆಯದು.

ಆಮೇಲೆ ಸಿಬ್ಬಂದಿಗೆ ಫೋನ್ ಮಾಡಿದೆವು. ವಾಟ್ಸಾಪ್ ಗುಂಪಿಗೆ ಹಾಕಲಿಲ್ಲ. ಹತ್ತು ವರ್ಷ ಪಕ್ಕದ ಕುರ್ಚಿಯಲ್ಲಿ ಕೂತವರಿಗೆ ಇಂಥ ಸುದ್ದಿ ಪರದೆಯ ಮೇಲೆ ಸಿಗಬಾರದು. ನಾನು ನಾಲ್ಕು ಜನರಿಗೆ ಮಾಡಿದೆ, ಅವರು ತಲಾ ಐದಾರು ಜನರಿಗೆ ಮಾಡಿದರು. ಕಚೇರಿಯ ಗುಮಾಸ್ತರು, ವ್ಯಾನ್ ಚಾಲಕರು, ಸ್ವಚ್ಛತೆಯವರು, ಎಲ್ಲರಿಗೂ. ಬೆಳಿಗ್ಗೆ ಮಕ್ಕಳು ಮೊದಲು ನೋಡುವುದೇ ವ್ಯಾನ್ ಚಾಲಕರನ್ನು, ಅಲ್ವಾ? ಅವರಿಗೆ ಗೊತ್ತಿಲ್ಲದಿದ್ದರೆ ಹೇಗೆ?

ಏಳೂವರೆಗೆ ಎಲ್ಲರೂ ಸ್ಟಾಫ್ ರೂಮಿನಲ್ಲಿ ಸೇರಿದೆವು. ಮೊದಲ ಇಪ್ಪತ್ತು ನಿಮಿಷ ಶಾಲೆಯ ಮಾತೇ ಆಡಲಿಲ್ಲ. ಅತ್ತವರು ಅತ್ತರು. ಈ ಇಪ್ಪತ್ತು ನಿಮಿಷವನ್ನು ದಯವಿಟ್ಟು ಯಾರೂ ಉಳಿಸಲು ಹೋಗಬೇಡಿ. ತಮ್ಮ ಅಳು ನುಂಗಿಕೊಂಡು ತರಗತಿಗೆ ಹೋದ ಶಿಕ್ಷಕರಿಗೆ ಮಕ್ಕಳ ಅಳು ತಡೆದುಕೊಳ್ಳುವುದು ತುಂಬಾ ಕಷ್ಟ.

ಆಮೇಲೆ ಪ್ರತಿಯೊಬ್ಬರ ಕೈಗೂ ಒಂದು ಚೀಟಿ ಕೊಟ್ಟೆ. ರಾತ್ರಿ ಕೂತು ಬರೆದ ನಾಲ್ಕು ವಾಕ್ಯ:

"ನಿಮಗೆ ಒಂದು ದುಃಖದ ಸುದ್ದಿ ಹೇಳಬೇಕು. ನಮ್ಮ ಗಣಿತದ ಮೇಷ್ಟ್ರು ನಿನ್ನೆ ಸತ್ತುಹೋದರು. ಅವರ ಹೃದಯ ಇದ್ದಕ್ಕಿದ್ದಂತೆ ಕೆಲಸ ನಿಲ್ಲಿಸಿತು, ಡಾಕ್ಟರಿಗೂ ಸರಿ ಮಾಡಲು ಆಗಲಿಲ್ಲ. ಇದು ಯಾರು ಹೇಳಿದ ಮಾತಿನಿಂದಲೂ, ಯಾರು ಮಾಡಿದ ತಪ್ಪಿನಿಂದಲೂ ಆದದ್ದಲ್ಲ."

ಕೊನೆಯ ವಾಕ್ಯ ಆ ಹುಡುಗಿಗಾಗಿ ಬರೆದದ್ದು.

ಎರಡನೇ ವಾಕ್ಯದ ಮೇಲೆ ಚರ್ಚೆ ಆಯಿತು. "ಸತ್ತುಹೋದರು" ಒರಟಾಯಿತು, "ತೀರಿಕೊಂಡರು" ಅನ್ನೋಣ ಅಂತ ಕೆಲವರು ಅಂದರು. ಅವರ ಮನಸ್ಸು ನನಗೆ ಅರ್ಥವಾಗುತ್ತಿತ್ತು. ನಮ್ಮ ಭಾಷೆಯಲ್ಲಿ ಗೌರವ ಇರುವವರ ಬಗ್ಗೆ ಆ ಪದ ಬಳಸಲು ನಾಲಿಗೆ ಹಿಂಜರಿಯುತ್ತದೆ. ಇನ್ನಿಲ್ಲ, ಹೋಗಿಬಿಟ್ಟರು, ಅಗಲಿದರು, ಕಣ್ಣು ಮುಚ್ಚಿದರು ಅನ್ನುತ್ತೇವೆ. ದೊಡ್ಡವರಿಗೆ ಅರ್ಥವಾಗುತ್ತದೆ. ಆದರೆ ಹೋದವರು ಬರುತ್ತಾರೆ, ಕಣ್ಣು ಮುಚ್ಚಿದವರು ತೆರೆಯುತ್ತಾರೆ. ಪುಟ್ಟ ಮಗುವಿಗೆ ಗೊತ್ತಿರುವುದು ಇಷ್ಟೇ. ಹಂಗೇರಿಯ ಮರಿಯಾ ನಾಗಿ ಎಂಬ ಮನಶ್ಶಾಸ್ತ್ರಜ್ಞೆ 3ರಿಂದ 10 ವರ್ಷದ ಮಕ್ಕಳ ಜೊತೆ ಸಾವಿನ ಬಗ್ಗೆ ಮಾತಾಡಿ, 1948ರಲ್ಲಿ ಅದನ್ನು ಪ್ರಕಟಿಸಿದರು. ಐದು ವರ್ಷದೊಳಗಿನ ಮಕ್ಕಳು ಸಾವನ್ನು ಪ್ರಯಾಣದ ಹಾಗೆ, ನಿದ್ದೆಯ ಹಾಗೆ ಕಾಣುತ್ತಾರೆ ಅಂತ ಅದರಲ್ಲಿ ಇದೆ. "ಯಾವಾಗ ಬರ್ತಾನೆ" ಅಂತ ಕೇಳಿದ ಮಗು ನನಗೆ ಹೇಳಿಕೊಟ್ಟದ್ದೂ ಅದನ್ನೇ. ಕೊನೆಗೆ ಹೀಗೆ ಒಪ್ಪಿದೆವು: ದೊಡ್ಡ ತರಗತಿಗಳಲ್ಲಿ "ತೀರಿಕೊಂಡರು" ಅನ್ನಬಹುದು. ಮೂರನೇ ತರಗತಿವರೆಗೆ "ಸತ್ತುಹೋದರು" ಅಂತಲೇ ಹೇಳಿ, "ಸತ್ತವರು ಮತ್ತೆ ಬರುವುದಿಲ್ಲ" ಅಂತ ಸೇರಿಸಬೇಕು.

ಚೀಟಿ ಓದಲು ಆಗುವುದಿಲ್ಲ ಅನ್ನುವವರು ಕೈ ಎತ್ತಿ ಅಂದೆ. ಇಬ್ಬರು ಎತ್ತಿದರು. ಒಬ್ಬರು ಮೇಷ್ಟ್ರ ಆಪ್ತ ಗೆಳೆಯರಾದ ದೈಹಿಕ ಶಿಕ್ಷಕರು. ಇನ್ನೊಬ್ಬರ ತಂದೆ ಅದೇ ವರ್ಷ ತೀರಿಕೊಂಡಿದ್ದರು. ಇಬ್ಬರ ತರಗತಿಗೂ ಬೇರೆಯವರು ಹೋದರು. ಯಾಕೆ ಅಂತ ಯಾರೂ ಕೇಳಲಿಲ್ಲ.

ಈ ಸಲ ಮೈಕ್ ಮುಟ್ಟಲಿಲ್ಲ. ಮಕ್ಕಳು ನೇರವಾಗಿ ತಮ್ಮ ತಮ್ಮ ಕೋಣೆಗೆ ಹೋದರು. ಒಂದೇ ಹೊತ್ತಿಗೆ, ಒಂದೇ ಮಾತಿನಲ್ಲಿ, ದಿನಾ ನೋಡುವ ಮುಖದಿಂದ ಸುದ್ದಿ ಕೇಳಿದರು. ಮೊದಲ ಪೀರಿಯಡ್ ಪೂರ್ತಿ ತರಗತಿ ಶಿಕ್ಷಕರು ಅಲ್ಲೇ ಇದ್ದರು. ಪ್ರಶ್ನೆ ಬಂದರೆ ಉತ್ತರ, ಗೊತ್ತಿಲ್ಲದಿದ್ದರೆ "ನನಗೂ ಗೊತ್ತಿಲ್ಲ". ಶಿಕ್ಷಕರು ಅತ್ತರೆ ತಪ್ಪಿಲ್ಲ ಅಂತ ಮೊದಲೇ ಹೇಳಿದ್ದೆ. ಆದರೆ ಮಕ್ಕಳೇ ಸಮಾಧಾನ ಮಾಡಬೇಕಾಗುವಷ್ಟು ಅಳು ಬಂದರೆ ಪಕ್ಕದ ಕೋಣೆಯವರನ್ನು ಕರೆಯಿರಿ ಅಂದಿದ್ದೆ.

ಎರಡನೇ ಪೀರಿಯಡ್‌ನಿಂದ ವೇಳಾಪಟ್ಟಿ ಎಂದಿನಂತೆ ನಡೆಯಿತು. ಇದಕ್ಕೆ ಒಂದಿಬ್ಬರು ಪೋಷಕರು ಬೇಸರ ಮಾಡಿಕೊಂಡರು. ರಜೆ ಕೊಡಬೇಕಿತ್ತು ಅಂದರು. ನನ್ನ ಅಭಿಪ್ರಾಯ ಬೇರೆ. ಮನೆಗೆ ಹೋದರೆ ಎಷ್ಟೋ ಮಕ್ಕಳು ಒಬ್ಬರೇ ಇರುತ್ತಾರೆ. ಗಂಟೆ ಹೊಡೆಯುವುದು, ಪುಸ್ತಕ ತೆಗೆಯುವುದು, ಪಕ್ಕದಲ್ಲಿ ಗೆಳತಿ ಇರುವುದು, ಇವೇ ಆ ದಿನ ಮಕ್ಕಳನ್ನು ಹಿಡಿದು ನಿಲ್ಲಿಸುತ್ತವೆ. ಪಾಠ ಹಗುರ ಇರಲಿ, ಪರೀಕ್ಷೆ ಬೇಡ. ಆದರೆ ದಿನ ಎಂದಿನ ದಿನದ ಆಕಾರದಲ್ಲೇ ಇರಲಿ. ಗ್ರಂಥಾಲಯದ ಪಕ್ಕದ ಕೋಣೆ ತೆರೆದಿಟ್ಟೆವು. ಯಾವಾಗ ಬೇಕಾದರೂ ಜೋಡಿಯಾಗಿ ಹೋಗಬಹುದು. ಮಾತಾಡಲೇಬೇಕು ಅಂತಿಲ್ಲ. ಹಾಳೆ, ಬಣ್ಣ, ನೀರು, ಒಬ್ಬ ಶಿಕ್ಷಕಿ, ಅಷ್ಟೇ.

ಒಂದು ವಿಷಯಕ್ಕೆ ಮನಸ್ಸು ತಯಾರಿರಲಿ. ಮಕ್ಕಳ ದುಃಖ ದೊಡ್ಡವರ ಹಾಗೆ ಒಂದೇ ಸಮ ಇರುವುದಿಲ್ಲ. ಹತ್ತು ನಿಮಿಷ ಬಿಕ್ಕಿ ಅತ್ತ ಹುಡುಗ ಹನ್ನೊಂದನೇ ನಿಮಿಷಕ್ಕೆ ಚೆಂಡು ಹಿಡಿದು ಓಡುತ್ತಾನೆ. ಅದನ್ನು ನೋಡಿ ಒಬ್ಬ ಶಿಕ್ಷಕರು, "ಇವರಿಗೆ ಏನೂ ಅನ್ನಿಸಲೇ ಇಲ್ಲವಾ?" ಅಂತ ನೊಂದುಕೊಂಡರು. ಅನ್ನಿಸಿದೆ. ಅವರು ಹೊರಲು ಆಗುವಷ್ಟನ್ನು ಮಾತ್ರ ಒಂದು ಸಲಕ್ಕೆ ಹೊರುತ್ತಾರೆ.

ಮಧ್ಯಾಹ್ನ ಹಿತೈಷಿಯೊಬ್ಬರು ಫೋನ್ ಮಾಡಿ, ಎಲ್ಲ ಸಿಬ್ಬಂದಿಯನ್ನೂ ವೃತ್ತದಲ್ಲಿ ಕೂರಿಸಿ, ಒಬ್ಬೊಬ್ಬರಾಗಿ ತಮ್ಮ ಭಾವನೆ ಹೇಳುವ ಕಾರ್ಯಕ್ರಮ ಮಾಡಿಸೋಣ ಅಂದರು. ನಾನು ಬೇಡ ಅಂದೆ. ಇಂಥ ಪದ್ಧತಿ 1980ರ ದಶಕದಲ್ಲಿ ತುರ್ತು ಸೇವೆಯವರಿಗಾಗಿ ಶುರುವಾಗಿ ಎಲ್ಲ ಕಡೆ ಹರಡಿತು. ಆದರೆ ಆಘಾತವಾದ ಕೂಡಲೇ ಒಂದೇ ಸಲ ಕೂರಿಸಿ ಮಾತಾಡಿಸುವುದರಿಂದ ಮುಂದಿನ ತೊಂದರೆ ತಪ್ಪುವುದಿಲ್ಲ ಅಂತ ಆಮೇಲಿನ ಅಧ್ಯಯನಗಳು ತೋರಿಸಿದವು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ತಂದಿತು. ಅದರ ಮೂರು ಹೆಜ್ಜೆ ನೋಡಿ, ಕೇಳಿ, ಜೋಡಿಸಿ. ಯಾರಿಗೆ ಕಷ್ಟವಾಗಿದೆ ನೋಡಿ. ಅವರು ಹೇಳಿದರೆ ಕೇಳಿ, ಒತ್ತಾಯ ಬೇಡ. ಬೇಕಾದ ನೆರವಿಗೆ, ಬೇಕಾದ ಜನಕ್ಕೆ ಜೋಡಿಸಿ. ಇದು ಯಾವ ಶಿಕ್ಷಕರಿಗೂ ಸಾಧ್ಯ.

ಸಿಬ್ಬಂದಿಗೆ ನಿಜವಾಗಿ ಬೇಕಾಗಿದ್ದದ್ದು ಸಣ್ಣ ಸಣ್ಣ ವಿಷಯಗಳು. ಅರ್ಜಿ ಬರೆಯದೆ ಒಂದು ಪೀರಿಯಡ್ ಹೊರಗೆ ಹೋಗುವ ಅವಕಾಶ. ಇಬ್ಬಿಬ್ಬರ ಜೋಡಿ ಮಾಡಿದೆವು, ದಿನಕ್ಕೆ ಒಮ್ಮೆ ಒಬ್ಬರು ಇನ್ನೊಬ್ಬರನ್ನು "ಹೇಗಿದ್ದೀರಿ?" ಅಂತ ಕೇಳಬೇಕು. ಸುಮ್ನೆ ಕೇಳುವುದಲ್ಲ, ನಿಂತು ಕೇಳುವುದು. ನಾನು ಗಮನಿಸದೇ ಹೋದವರು ಗುಮಾಸ್ತರು. ಸಂಬಳದ ಪಟ್ಟಿಯಿಂದ ಆ ಹೆಸರು ತೆಗೆಯುವ ಕೆಲಸ ಅವರ ಪಾಲಿಗೆ ಬಂದಿತ್ತು. ಮೂರನೇ ವಾರ ಅವರು ಕಂಪ್ಯೂಟರ್ ಮುಂದೆ ಕಣ್ಣು ಒರೆಸಿಕೊಳ್ಳುತ್ತಿದ್ದರು. ಆಗ ಪಕ್ಕದಲ್ಲಿ ಕೂತೆ. ಮೊದಲೇ ಕೂರಬೇಕಿತ್ತು.

ಇನ್ನು ಆ ಉತ್ತರ ಪತ್ರಿಕೆಗಳು. ಒಟ್ಟು 38. ಇಪ್ಪತ್ತೊಂದು ತಿದ್ದಿದ್ದವು, ಹದಿನೇಳು ಹಾಗೇ ಇದ್ದವು. ಬದಲಿಗೆ ಬಂದ ಶಿಕ್ಷಕಿ, "ನಾನು ಇದಕ್ಕೆ ಪೆನ್ನು ಹಚ್ಚಲಾರೆ" ಅಂದರು. ಕಟ್ಟನ್ನು ಬೀರುವಿನಲ್ಲಿ ಇಟ್ಟುಬಿಡೋಣ ಅಂತ ನನಗೂ ಅನ್ನಿಸಿತು. ಆಗ ರಾತ್ರೋರಾತ್ರಿ ತೆಗೆಸಿದ ಡೆಸ್ಕ್ ನೆನಪಾಯಿತು. ಅದಕ್ಕೇ ಮಕ್ಕಳನ್ನೇ ಕೇಳಿದೆವು. ತಿದ್ದಿದ ಪತ್ರಿಕೆ ಅವರವರ ಕೈಗೆ ಹೋಯಿತು. ಉಳಿದ ಹದಿನೇಳು ಮಕ್ಕಳಲ್ಲಿ ಹೆಚ್ಚಿನವರು ಹೊಸ ಶಿಕ್ಷಕಿ ತಿದ್ದಲಿ ಅಂದರು. ಆದರೆ ಕೆಂಪು ಬೇಡ, ಹಸಿರು ಪೆನ್ನು ಇರಲಿ ಅಂದರು. ಕೆಂಪು ಮೇಷ್ಟ್ರದ್ದು. ಮೂವರು ಹಾಗೇ ಕೊಡಿ ಅಂದರು. ಅವರಲ್ಲಿ ಒಬ್ಬ ತರಗತಿಯಲ್ಲಿ ಯಾವತ್ತೂ ಜಾಸ್ತಿ ಮಾತಾಡದ ಹುಡುಗ. ಪತ್ರಿಕೆ ಮಡಚಿ ಜೇಬಿಗೆ ಇಟ್ಟುಕೊಂಡ. ಹೊಸ ಶಿಕ್ಷಕಿ ವರ್ಷವಿಡೀ ಹಸಿರು ಪೆನ್ನಿನಲ್ಲೇ ತಿದ್ದಿದರು. ಸ್ಟಾಫ್ ರೂಮಿನ ಕುರ್ಚಿ ಏನಾಗಬೇಕು ಅಂತಲೂ ಎಲ್ಲರನ್ನೂ ಕೇಳಿಯೇ ತೀರ್ಮಾನಿಸಿದೆವು. ಎರಡು ತಿಂಗಳು ಖಾಲಿ ಇತ್ತು. ಆಮೇಲೆ ದೈಹಿಕ ಶಿಕ್ಷಕರು ಒಂದು ದಿನ ತಾವಾಗಿಯೇ ಹೋಗಿ ಕೂತರು.

ಎಲ್ಲ ಸಾವಿಗೂ ಇದೇ ಚೀಟಿ ಆಗುವುದಿಲ್ಲ. ಆತ್ಮಹತ್ಯೆಯಾಗಿದ್ದರೆ ಹೆಚ್ಚು ಎಚ್ಚರ ಬೇಕು. ಹೇಗೆ ಆಯಿತು ಎಂಬ ವಿವರ ಹೇಳಬಾರದು. "ಇದೇ ಕಾರಣ" ಅಂತ ಒಂದೇ ಕಾರಣಕ್ಕೆ ಕಟ್ಟಬಾರದು. ಸತ್ತವರನ್ನು ವೀರರ ಹಾಗೆ ಬಣ್ಣಿಸಬಾರದು. ಬಳಲುತ್ತಿರುವ ಇನ್ನೊಂದು ಮಗುವಿಗೆ ಅದೇ ದಾರಿ ಅನ್ನಿಸುವ ಅಪಾಯ ನಿಜವಾಗಿ ಇದೆ. ಆ ದಿನವೇ ಮಾನಸಿಕ ಆರೋಗ್ಯ ತಜ್ಞರನ್ನು ಕರೆಯಬೇಕು.

ನಮ್ಮ ಶಾಲೆಯಲ್ಲೂ ಇಬ್ಬರು ಮಕ್ಕಳನ್ನು ಆಪ್ತಸಮಾಲೋಚಕರ ಹತ್ತಿರ ಕಳಿಸಿದೆವು. ಒಬ್ಬಳಿಗೆ ವಾರಗಳಾದರೂ ನಿದ್ದೆ ಬರುತ್ತಿರಲಿಲ್ಲ. ಇನ್ನೊಬ್ಬ ಊಟ ಬಿಟ್ಟಿದ್ದ, ಗೆಳೆಯರನ್ನೂ ಬಿಟ್ಟಿದ್ದ. ಮಾನಸಿಕ ಕಾಯಿಲೆಗಳನ್ನು ಗುರುತಿಸಲು ವೈದ್ಯರು ಬಳಸುವ ಡಿಎಸ್‌ಎಂ ಕೈಪಿಡಿಯ 2022ರ ಪರಿಷ್ಕರಣೆ ದೀರ್ಘ ಶೋಕವನ್ನು ಪ್ರತ್ಯೇಕ ಕಾಯಿಲೆಯಾಗಿ ಗುರುತಿಸುತ್ತದೆ. ಹಾಗೆ ಗುರುತಿಸಲು ಸಾವಾಗಿ ದೊಡ್ಡವರಿಗೆ ಕನಿಷ್ಠ 12 ತಿಂಗಳು, ಮಕ್ಕಳಿಗೆ ಕನಿಷ್ಠ 6 ತಿಂಗಳು ಕಳೆದಿರಬೇಕು. ಅದು ಕಾಯಿಲೆಗೆ ಹೆಸರಿಡುವ ಲೆಕ್ಕ. ಸಹಾಯ ಕೇಳಲು ಶಾಲೆ ಅಷ್ಟು ದಿನ ಕಾಯಬೇಕಿಲ್ಲ. ಇನ್ನು, ತಾನು ಸಾಯುವ ಮಾತಾಡುವ ಮಗುವಿನ ವಿಷಯದಲ್ಲಿ ಒಂದು ಗಂಟೆಯೂ ಕಾಯಬಾರದು.

ಮೊದಲ ವಾರ ಎಲ್ಲರೂ ಕೇಳುತ್ತಾರೆ. ಆರನೇ ವಾರ ಯಾರೂ ಕೇಳುವುದಿಲ್ಲ. ಅದಕ್ಕೆ ನನ್ನ ಡೈರಿಯಲ್ಲಿ ಮೊದಲೇ ಗುರುತು ಹಾಕಿಕೊಂಡೆ. ಮೇಷ್ಟ್ರ ಹುಟ್ಟಿದ ದಿನ, ಗಣಿತ ಪರೀಕ್ಷೆಯ ದಿನ, ಫಲಿತಾಂಶದ ದಿನ, ವರ್ಷ ತುಂಬುವ ದಿನ. ಅವತ್ತು ಎಂಟನೇ ತರಗತಿಗೆ ಒಂದು ಸುತ್ತು ಹೋಗಿ ಬರುತ್ತಿದ್ದೆ. ಫಲಿತಾಂಶದ ದಿನ ಹುಡುಗಿಯೊಬ್ಬಳು ಅಂಕಪಟ್ಟಿ ತೋರಿಸಿ, "ಮೇಷ್ಟ್ರಿಗೆ ತೋರಿಸಬೇಕಿತ್ತು ಮೇಡಂ" ಅಂದಳು. ಇಬ್ಬರೂ ಸ್ವಲ್ಪ ಹೊತ್ತು ಕಾರಿಡಾರಿನಲ್ಲಿ ನಿಂತಿದ್ದೆವು.

ಈಗ ನನ್ನ ಮೇಜಿನ ಡ್ರಾಯರಿನಲ್ಲಿ ಒಂದು ಫೈಲ್ ಇದೆ. ಯಾರು ಯಾರಿಗೆ ಫೋನ್ ಮಾಡಬೇಕು, ಯಾವ ಕೋಣೆ ತೆರೆಯಬೇಕು, ಆಪ್ತಸಮಾಲೋಚಕರ ನಂಬರ್, ಹೆಸರಿನ ಜಾಗ ಖಾಲಿ ಬಿಟ್ಟ ಆ ನಾಲ್ಕು ವಾಕ್ಯ. ಪ್ರತಿ ವರ್ಷ ಮೊದಲ ಸಿಬ್ಬಂದಿ ಸಭೆಯಲ್ಲಿ ಅದನ್ನು ಹೊರಗೆ ತೆಗೆದು ಎಲ್ಲರ ಮುಂದೆ ಓದುತ್ತೇವೆ. ಈ ವರ್ಷ ಹೊಸದಾಗಿ ಸೇರಿದ ಶಿಕ್ಷಕಿ ಕೇಳಿದರು: "ಮೇಡಂ, ನನಗೆ ಇದನ್ನು ಓದೋಕೆ ಆಗದೇ ಹೋದರೆ?" ಫೈಲ್ ತಿರುಗಿಸಿ ಎರಡನೇ ಪುಟದ ಮೊದಲ ಸಾಲು ತೋರಿಸಿದೆ. "ಓದಲು ಆಗದವರು ಕೈ ಎತ್ತಲಿ, ಬೇರೆಯವರು ಹೋಗುತ್ತಾರೆ, ಕಾರಣ ಕೇಳುವುದಿಲ್ಲ."