ಅತ್ತೆಯ ಕೈಗೆ ಒಗ್ಗಿದ ಕುಕ್ಕರ್

ಹೋದ ಶ್ರಾವಣದಲ್ಲಿ ಹೋಳಿಗೆಗೆಂದು ಕಡಲೆಬೇಳೆ ಇಟ್ಟಿದ್ದೆ. ಅಷ್ಟರಲ್ಲಿ ನಳ ಬಂತೆಂದು ನೀರು ತುಂಬಲು ಹೊರಗೆ ಹೋದೆ. ತಿರುಗಿ ಬರುವುದರೊಳಗೆ ಕುಕ್ಕರಿನ ನೀರು ಆರುತ್ತ ಬಂದು, ಸೇಫ್ಟಿ ವಾಲ್ವ್ ಕರಗಿ, ಹಬೆ ಬುಸ್ಸೆಂದು ಮೇಲಕ್ಕೆ ಹೊಡೆಯುತ್ತಿತ್ತು. ಅದರೊಳಗಿನ ಲೋಹ ಅತಿಯಾದ ಶಾಖಕ್ಕೆ ಕರಗಲೆಂದೇ ಇರುವುದು. ಅದು ನಮ್ಮನ್ನು ಕಾಯಿತು. ಹೊಸ ವಾಲ್ವ್ ಹಾಕಿಸಬಹುದಿತ್ತು, ಆದರೆ 5 ಲೀಟರಿನ ಆ ಹಳೇ ಅಲ್ಯೂಮಿನಿಯಂ ಕುಕ್ಕರಿನ ತಳ ಉಬ್ಬಿ ಒಲೆಯ ಮೇಲೆ ಓಲಾಡುತ್ತಿತ್ತು. ಅಂಥದ್ದನ್ನು ಮತ್ತೆ ಒಲೆಗೇರಿಸಬಾರದು.

ವಿಜಯಪುರದ ಗಾಂಧಿ ಚೌಕದ ಹತ್ತಿರ ಒಂದು ಭಾಂಡೆ ಅಂಗಡಿಗೆ ಅತ್ತೆಯನ್ನೂ ಕರಕೊಂಡು ಹೋದೆ. ಮುಂಜಾನೆ ಬ್ಯಾಳಿ ಇಡುವವರು ಅವರೇ, ಬಲಗೈ ಮಣಿಕಟ್ಟು ನೋವು ಬೇರೆ. ನನ್ನ ಮನಸ್ಸು ಒಳಮುಚ್ಚಳದ ಹಾಕಿನ್ಸ್ ಮೇಲಿತ್ತು. ಹಬೆಯ ಒತ್ತಡವೇ ಆ ಮುಚ್ಚಳವನ್ನು ಒಳಗಿನಿಂದ ಬಿಗಿ ಹಿಡಿಯುತ್ತದೆ, ಒತ್ತಡ ಇಳಿಯುವ ತನಕ ತೆಗೆಯಲು ಬರುವುದಿಲ್ಲ. ಅತ್ತೆ ಮುಚ್ಚಳ ಓರೆ ಮಾಡಿ ಒಳಗಿಳಿಸಿದರು, ಎರಡೂ ಹಿಡಿಕೆ ಕೂಡಿಸಿ ಕೊಂಡಿ ಹಾಕಲು ನೋಡಿದರು. ಮೂರನೇ ಸಲಕ್ಕೆ ಮಣಿಕಟ್ಟು ಹಿಡಿದುಕೊಂಡು, "ಇದು ನನ್ನ ಕೈಲೆ ಆಗೂದಿಲ್ಲ ಬಿಡವಾ" ಅಂದರು.

"ಹಂಗಾರ ಇದನ್ನ ನೋಡ್ರಿ ಅಕ್ಕಾರ" ಎಂದು ಅಂಗಡಿಯವರು ಹೊರಮುಚ್ಚಳದ್ದು ಕೊಟ್ಟರು. ತಿರುವಿದ ಕೂಡಲೇ ಕೂತಿತು. ಮುಚ್ಚಳದ ಅಂಚಿನ ಸೀಳನ್ನು ನಾನು ಬೆರಳಾಡಿಸಿ ನೋಡಿದೆ. ಒತ್ತಡ ಮಿತಿ ಮೀರಿದರೆ ಗ್ಯಾಸ್ಕೆಟ್ ಆ ಸೀಳಿನಲ್ಲಿ ಉಬ್ಬಿ ಹಬೆಗೆ ದಾರಿ ಬಿಡುತ್ತದೆ.

ನಾವು ಆರು ಮಂದಿ. ಬೇಳೆಕಾಳು ನೊರೆ ಏಳುವುದರಿಂದ ಕುಕ್ಕರನ್ನು ಅರ್ಧಕ್ಕಿಂತ ಮೇಲೆ ತುಂಬಬಾರದು. 5 ಲೀಟರ್ ಅಂದರೆ ಬೇಳೆಯ ಲೆಕ್ಕದಲ್ಲಿ ಎರಡೂವರೆಯೇ! ಅದಕ್ಕೇ 6.5 ಲೀಟರ್ ತಗೊಂಡೆವು, ಸ್ಟೀಲಿನದು. ಕಟ್ಟಿನ ಸಾರಿನ ಹುಣಸೆಹುಳಿಗೆ ಸ್ಟೀಲ್ ಜಗ್ಗುವುದಿಲ್ಲ, ನಮ್ಮ ಬೋರಿನ ನೀರಿಗೆ ಅಲ್ಯೂಮಿನಿಯಮಿನಂತೆ ಒಳಗೆ ಕಪ್ಪಾಗುವುದೂ ಇಲ್ಲ. ಆದರೆ ಬರೀ ಸ್ಟೀಲಿನಲ್ಲಿ ಶಾಖ ಸಮನಾಗಿ ಹರಡುವುದಿಲ್ಲ, ತಳ ಹತ್ತುತ್ತದೆ. ಕುಕ್ಕರ್ ಬೋರಲು ಹಾಕಿ, ತಳಕ್ಕೆ ಅಲ್ಯೂಮಿನಿಯಂ ಪದರ ಸೇರಿಸಿದ ದಪ್ಪ ಬಿಲ್ಲೆ ಇದೆಯೇ ಎಂದು ನೋಡಿಯೇ ತನ್ನಿರಿ.

ಇನ್ನೊಂದು ಅಂಗಡಿಯಲ್ಲಿ ಅಗ್ಗಕ್ಕೆ ತೋರಿಸಿದ ಕುಕ್ಕರಿಗೆ ಐಎಸ್‌ಐ ಗುರುತೇ ಇರಲಿಲ್ಲ. 2021ರ ಫೆಬ್ರವರಿಯಿಂದ ಮನೆಬಳಕೆಯ ಕುಕ್ಕರಿಗೆ ಅದು ಕಡ್ಡಾಯ. ಗುರುತಿನ ಜೊತೆ ಐಎಸ್ 2347 ಎಂದಿರಬೇಕು. ಎಷ್ಟೇ ಕಡಿಮೆಗೆ ಕೊಟ್ಟರೂ ಅದಿಲ್ಲದ್ದು ಬೇಡ.

ಹೊಸ ಕುಕ್ಕರಿನಲ್ಲಿ ಮೊದಲ ದಿನ ತೊಗರಿಬೇಳೆ ಆರು ಸೀಟಿಯಾದರೂ ಕರಗಲಿಲ್ಲ. ಅತ್ತೆ ಮುಖ ಸಣ್ಣದು ಮಾಡಿಕೊಂಡರು. ತಪ್ಪು ಬೋರಿನ ನೀರಿನದು. ಗಡಸು ನೀರಿನ ಸುಣ್ಣದಂಶ ಬೇಳೆಯನ್ನು ಮೆತ್ತಗಾಗಲು ಬಿಡುವುದಿಲ್ಲ. ಮರುದಿನ ಕುಡಿಯುವ ಫಿಲ್ಟರ್ ನೀರು ಹಾಕಿ ಇಟ್ಟೆ, ನಾಲ್ಕು ಸೀಟಿ. ಹಬೆ ಇಳಿದ ಮೇಲೆ ಅತ್ತೆಯೇ ಮುಚ್ಚಳ ತಿರುವಿದರು. ಒಂದು ಬೇಳೆ ತೆಗೆದು ಎರಡು ಬೆರಳ ನಡುವೆ ಒತ್ತಿ, "ಈಗ ಬೆಂತು ನೋಡು" ಎಂದರು.