ಬಲ್ಬ್ ಕೊಳ್ಳುವ ಮೊದಲು ಅರ್ತ್ ನೋಡಿ: ಮಂಕಾದ ಹೆಡ್‌ಲೈಟ್ ನಾನೇ ಸರಿ ಮಾಡಿದ್ದು

ಹೆಡ್‌ಲೈಟ್ ಕೈಕೊಟ್ಟಿತು ಅಂದ ತಕ್ಷಣ ಎಲ್ಲರ ಬಾಯಲ್ಲೂ ಬರುವುದು ಒಂದೇ ಮಾತು, "ಬಲ್ಬ್ ಹೋಗಿರಬೇಕು." ಎಷ್ಟೋ ಸಲ ಅದು ನಿಜವೂ ಹೌದು. ಆದರೆ ಲೈಟ್ ಯಾವ ರೀತಿ ಕೆಟ್ಟಿದೆ ಅಂತ ಸ್ವಲ್ಪ ನಿಂತು ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಈ ಮಳೆಗಾಲದಲ್ಲಿ ನನ್ನ ಹಳೇ ಕಾರಿನ ಬಲಗಡೆ ಲೈಟ್ ಕೆಟ್ಟಾಗ ನಾನು ಮೊದಲು ಮಾಡಿದ್ದು ಅಷ್ಟೇ.

ಬೆಂಗಳೂರಿನ ಬೀದಿದೀಪದ ಬೆಳಕಲ್ಲಿ ಒಂದು ಕಡೆ ಲೈಟ್ ಇಲ್ಲದಿದ್ದರೂ ಗೊತ್ತೇ ಆಗುವುದಿಲ್ಲ. ನೈಸ್ ರಸ್ತೆ ಹತ್ತಿದ ಮೇಲೆ ಗೊತ್ತಾಗುತ್ತದೆ, ಅಲ್ವಾ? ಹಾಗಾಗಿ ನಾನು ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಗೋಡೆಗೆ ಮುಖ ಮಾಡಿ ಕಾರು ನಿಲ್ಲಿಸಿ ನೋಡಿದೆ. ಎಡಗಡೆ ಸರಿಯಾಗಿತ್ತು. ಬಲಗಡೆ ಪೂರ್ತಿ ಆರಿರಲಿಲ್ಲ, ಕೆಂಡದ ಹಾಗೆ ಮಂಕಾಗಿ ಉರಿಯುತ್ತಿತ್ತು. ಇನ್ನೊಂದು ವಿಚಿತ್ರ ಅಂದರೆ, ಲೋ ಬೀಮ್‌ನಲ್ಲೇ ಇದ್ದರೂ ಡ್ಯಾಶ್‌ಬೋರ್ಡಿನಲ್ಲಿ ಹೈ ಬೀಮ್‌ನ ನೀಲಿ ದೀಪ ಸಣ್ಣಗೆ ಹೊತ್ತಿಕೊಂಡಿತ್ತು.

ಒಳಗಿನ ತಂತಿ ತುಂಡಾದ ಬಲ್ಬ್ ಉರಿಯುವುದೇ ಇಲ್ಲ. ಮಂಕಾಗಿ ಉರಿಯುತ್ತಿದೆ, ಜೊತೆಗೆ ಬೇರೆ ದೀಪವೂ ಹೊತ್ತುತ್ತಿದೆ ಅಂದರೆ ಕರೆಂಟ್ ತನ್ನ ದಾರಿ ಬಿಟ್ಟು ಅಡ್ಡದಾರಿ ಹಿಡಿದಿದೆ ಅಂತ ಅರ್ಥ. ನನ್ನ ಕಾರಿನಲ್ಲಿರುವುದು ಎಚ್‌4 ಬಲ್ಬ್, ಒಳಗೆ ಎರಡು ತಂತಿ, ಹೈ ಬೀಮಿಗೆ 60 ವ್ಯಾಟ್, ಲೋಗೆ 55. ಅದಕ್ಕೆ ಮೂರು ಪಿನ್: ಲೋಗೆ ಒಂದು, ಹೈಗೆ ಒಂದು, ಎರಡಕ್ಕೂ ಸೇರಿ ಅರ್ತ್ ಒಂದು, ಅಂದರೆ ಕರೆಂಟ್ ಕಾರಿನ ತಗಡಿನ ಮೂಲಕ ಬ್ಯಾಟರಿಯ ನೆಗೆಟಿವ್‌ಗೆ ವಾಪಸ್ ಹೋಗುವ ದಾರಿ. ಆ ಅರ್ತ್ ಕೆಟ್ಟರೆ ಲೋ ಬೀಮ್‌ನ ಕರೆಂಟ್ ಅದೇ ಬಲ್ಬಿನ ಹೈ ಬೀಮ್ ತಂತಿಗೆ ನುಗ್ಗಿ, ಆ ವೈರಿನಲ್ಲಿ ಹಿಂದಕ್ಕೆ ಹೋಗಿ, ಎದುರು ಕಡೆಯ ಬಲ್ಬಿನ ಮೂಲಕ ಅರ್ತ್ ಸೇರುತ್ತದೆ. ನೀಲಿ ದೀಪ ಹೊತ್ತಿಕೊಂಡಿದ್ದು ಆ ದಾರಿಯಲ್ಲೇ.

ಪಕ್ಕದ ಫ್ಲ್ಯಾಟಿನವರು ಬಂದು ಇಣುಕಿದರು. "ಜೆ.ಸಿ. ರೋಡಿಗೆ ಹೋಗಿ ನೂರು-ತೊಂಬತ್ತರ ಬಲ್ಬ್ ಹಾಕಿಸಿಬಿಡಿ ಸಾರ್, ಹಗಲಿನ ಥರ ಇರತ್ತೆ" ಅಂದರು. ನಾನು ಸುಮ್ನೆ ನಕ್ಕೆ. 60 ವ್ಯಾಟಿಗೆ ಸುಮಾರು 5 ಆಂಪ್ಸ್ ಸಾಕು, 100 ವ್ಯಾಟ್ ಹಾಕಿದರೆ 8ಕ್ಕೂ ಜಾಸ್ತಿ ಬೇಕು. ಕಂಪನಿ ವೈರು ಆ ಲೆಕ್ಕಕ್ಕೆ ಹಾಕಿದ್ದಲ್ಲ. ಕಪ್ಲರ್ (ಬಲ್ಬಿನ ಪಿನ್ನಿಗೆ ಸಿಕ್ಕಿಸುವ ವೈರಿನ ಪ್ಲಗ್) ಕರಗಿ ಕಂದು ಬಣ್ಣಕ್ಕೆ ತಿರುಗಿದ ಎಷ್ಟೋ ಕಾರುಗಳ ಕಥೆ ಅಲ್ಲಿಂದಲೇ ಶುರುವಾಗಿರುತ್ತದೆ.

ಫ್ಯೂಸ್ ನೋಡಿದೆ, ಸರಿ ಇತ್ತು. ಆಮೇಲೆ ಮಲ್ಟಿಮೀಟರ್. ಕಪ್ಲರ್ ಬಿಚ್ಚಿ ಲೋ ಮತ್ತು ಅರ್ತ್ ಪಿನ್‌ಗಳಿಗೆ ಕಡ್ಡಿ ಇಟ್ಟರೆ 12 ವೋಲ್ಟ್ ಬಂತು! ಇಲ್ಲೇ ಬಹಳ ಜನ ಮೋಸ ಹೋಗುವುದು. ಮೀಟರ್ ಎಳೆಯುವ ಕರೆಂಟ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ತುಕ್ಕು ಹಿಡಿದ ಜಾಯಿಂಟ್ ದಾಟಿಯೂ ಅದು ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಬಲ್ಬ್ 5 ಆಂಪ್ಸ್ ಎಳೆಯಲು ಹೊರಟಾಗಲೇ ಜಾಯಿಂಟಿನ ಬಂಡವಾಳ ಬಯಲಾಗುವುದು. ಆದ್ದರಿಂದ ಅಳೆಯುವಾಗ ಬಲ್ಬ್ ಸಿಕ್ಕಿಸಿ ಉರಿಯುತ್ತಲೇ ಇರಬೇಕು.

ಕಪ್ಲರ್ ಮತ್ತೆ ಸಿಕ್ಕಿಸಿದೆ, ಲೈಟ್ ಹಾಕಿದೆ. ಮೀಟರಿನ ಕಪ್ಪು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಕೆಂಪು ಕಡ್ಡಿ ಕಪ್ಲರ್ ಹಿಂದಿನಿಂದ ಅರ್ತ್ ಪಿನ್‌ಗೆ. ಅರ್ತ್ ಚೆನ್ನಾಗಿದ್ದರೆ ಇಲ್ಲಿ ಸೊನ್ನೆಯ ಆಸುಪಾಸಿನಲ್ಲಿರಬೇಕು, ಹೆಚ್ಚೆಂದರೆ 0.2 ವೋಲ್ಟ್. ನನಗೆ ಬಂದಿದ್ದು 7ರ ಹತ್ತಿರ. ಖಚಿತ ಮಾಡಿಕೊಳ್ಳಲು ಒಂದು ತುಂಡು ವೈರಿನಿಂದ ಬ್ಯಾಟರಿ ನೆಗೆಟಿವ್ ಮತ್ತು ಆ ಪಿನ್ ಸೇರಿಸಿದೆ. ಮುಟ್ಟಿದ ಕೂಡಲೇ ಗೋಡೆ ಮೇಲೆ ಎರಡೂ ಬೆಳಕು ಸಮನಾಗಿ ನಿಂತವು, ನೀಲಿ ದೀಪ ಆರಿತು.

ಒಂದು ಮಾತು: ಕೆಲವು ಕಾರುಗಳಲ್ಲಿ ಎರಡಕ್ಕೂ ಸೇರಿದ ಪಿನ್ನಿಗೆ ಸದಾ ಪಾಸಿಟಿವ್ ಬಂದು, ಸ್ವಿಚ್ ಅರ್ತ್ ಕಡೆ ಇರುತ್ತದೆ. ಅಂಥದ್ದರಲ್ಲಿ ಹೀಗೆ ವೈರ್ ಸೇರಿಸಿದರೆ ಫ್ಯೂಸ್ ಹಾರುತ್ತದೆ. ಮೊದಲು ಮೀಟರಿನಲ್ಲಿ ಪಿನ್ ಯಾವುದು ಯಾವುದು ಅಂತ ನೋಡಿಕೊಳ್ಳಿ.

ಅರ್ತ್ ವೈರ್ ಹಿಡಿದುಕೊಂಡು ಹೋದರೆ ಬ್ಯಾಟರಿ ಟ್ರೇ ಪಕ್ಕ ಕಾರಿನ ಬಾಡಿಯ ತಗಡಿಗೆ ಕಚ್ಚಿಸಿದ ಒಂದು ಬೋಲ್ಟ್ ಸಿಕ್ಕಿತು. ಮೇಲಿಂದ ನೋಡಲು ಏನೂ ಆಗಿಲ್ಲ. 10ರ ಸ್ಪ್ಯಾನರ್ ಹಾಕಿ ಬಿಚ್ಚಿದಾಗ ವೈರಿನ ತುದಿಯ ರಿಂಗ್ ಅಡಿ ಹಸಿರು ಕಿಲುಬು, ಅದರ ಕೆಳಗೆ ಬಾಡಿಯ ತಗಡಿನಲ್ಲಿ ಪುಡಿಪುಡಿಯಾದ ತುಕ್ಕು. ಅಂಡರ್‌ಪಾಸಿನಲ್ಲಿ ನಿಂತ ನೀರು ಎರಚಿಸಿಕೊಂಡು ಓಡಾಡಿದ ಪ್ರಸಾದ. ಬ್ಯಾಟರಿ ನೆಗೆಟಿವ್ ತೆಗೆದು, ಉಪ್ಪು ಕಾಗದದಿಂದ ರಿಂಗನ್ನೂ ತಗಡನ್ನೂ ಹೊಳೆಯುವವರೆಗೆ ಉಜ್ಜಿ, ಬಿಗಿಯಾಗಿ ಕೂರಿಸಿ, ಮೇಲೆ ವ್ಯಾಸಲೀನ್ ಸವರಿದೆ. ಮತ್ತೆ ಅಳೆದರೆ 0.1. ಎಡಗಡೆಯದನ್ನೂ ಬಿಚ್ಚಿದೆ, ಅಲ್ಲೂ ಹಸಿರು ಶುರುವಾಗಿತ್ತು.

ನಿಮ್ಮಲ್ಲಿ ಎರಡೂ ಕಡೆ ಲೋ ಬೀಮ್ ಒಟ್ಟಿಗೆ ಹೋಗಿ ಹೈ ಮಾತ್ರ ಉಳಿದಿದ್ದರೆ ನೋಡಬೇಕಾದ್ದು ಬೇರೆ, ರಿಲೇ (ಲೈಟಿಗೆ ಕರೆಂಟ್ ಬಿಡುವ ಚಿಕ್ಕ ಸ್ವಿಚ್ ಡಬ್ಬಿ) ಅಥವಾ ಸ್ಟಿಯರಿಂಗ್ ಪಕ್ಕದ ಸ್ವಿಚ್. ಫ್ಯೂಸ್ ಬಾಕ್ಸಿನಲ್ಲಿ ಅದೇ ನಂಬರಿನ ಹಾರ್ನ್ ರಿಲೇ ಇದ್ದರೆ ಅದಲುಬದಲು ಮಾಡಿ ನೋಡಬಹುದು. ಸ್ಟಿಯರಿಂಗ್ ಪಕ್ಕದ ಸ್ವಿಚ್ ಬಿಚ್ಚುವ ಕೆಲಸಕ್ಕೆ ಮಾತ್ರ ನಾನು ಕೈ ಹಾಕುವುದಿಲ್ಲ. ಏರ್‌ಬ್ಯಾಗ್ ಅಲ್ಲೇ ಇರುತ್ತದೆ. ಅದನ್ನು ಗೊತ್ತಿರುವ ಆಟೋ ಎಲೆಕ್ಟ್ರಿಷಿಯನ್‌ಗೆ ಬಿಡುತ್ತೇನೆ.